ಸಣ್ಣ ಮಕ್ಕಳಿರುವ ಮನೆಯಲ್ಲಿ ಬರೆಯುವವರು, ಕುಣಿಯುವವರು, ಚಿತ್ರ ಮಾಡುವವರು ಹೇಗೆ ಸುಧಾರಿಸ್ತಿದ್ದೀರಿ?

ಕುಲಶೇಖರದ ಕತೆಗಾರ್ತಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಂಗಳೂರಲ್ಲಿ. ಮಗಳು ಎಲ್‌ಕೆಜಿ, ಮಗ ಈಗಷ್ಟೇ ನಡೆಯಲಿಕ್ಕೆ ಕಲಿತಿದ್ದಾನೆ, ಅಂದರೆ ಮನೆಯಲ್ಲಿ ಕೆಳಗಿನ ಕಪಾಟಿನಲ್ಲಿದ್ದದ್ದೆಲ್ಲ ಮೇಲೆ ಹೋಗಿದೆ. ಮಗಳು ಹುಟ್ಟುವವರೆಗೂ ಕತೆ ಬರೀತಿದ್ದೆ. ಕೆಲವು ದೀಪಾವಳಿ ವಿಶೇಷಾಂಕಗಳಲ್ಲಿ ಬಂದಿವೆ, ಆಕಾಶವಾಣಿಯಲ್ಲೂ ಓದಿದ್ದೇನೆ. ಈಗ ಒಂದು ಕತೆ ಅರ್ಧದಲ್ಲಿ ಕೂತಿದೆ. ಅದರಲ್ಲಿ ಒಬ್ಬಳು ಹೆಂಗಸು ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದಾಳೆ. ಮಗ ಹೊಟ್ಟೆಯಲ್ಲಿದ್ದಾಗ ನಿಲ್ಲಿಸಿದ್ದು, ಪಾಪ, ಇನ್ನೂ ನಿಂತೇ ಇದ್ದಾಳೆ.

ಸಮಯವೇ ಇಲ್ಲ ಅಂದರೆ ಸುಳ್ಳಾಗ್ತದೆ. ಮಕ್ಕಳು ಮಲಗಿದ ಮೇಲೆ ಸ್ವಲ್ಪ ಹೊತ್ತು ಸಿಗ್ತದೆ. ಆದರೆ ಅಷ್ಟು ಹೊತ್ತೂ ಕಿವಿ ಮಲಗುವ ಕೋಣೆಯ ಕಡೆಗೇ ಇರ್ತದೆ. ಒಂದು ವಾಕ್ಯ ಬರೆದು ಇನ್ನೊಂದಕ್ಕೆ ಕೈ ಹಾಕುವಾಗ ಅವನು ಮಗ್ಗುಲು ಬದಲಿಸಿದ ಸದ್ದು. ಎದ್ದನಾ, ಇಲ್ಲವಾ ಅಂತ ಕಾಯುವುದರಲ್ಲಿ ಆ ವಾಕ್ಯ ಹೋಯ್ತು. ಇವರು ಒಳ್ಳೆಯವರೇ, "ನೀನು ಬರಿ, ನಾನು ನೋಡ್ಕೊಳ್ತೇನೆ" ಅಂತಾರೆ. ಐದು ನಿಮಿಷ ಆಗುವುದಿಲ್ಲ, "ಇವನ ನೀಲಿ ಚಡ್ಡಿ ಎಲ್ಲುಂಟು?"

ಸಣ್ಣ ಮಕ್ಕಳಿದ್ದೂ ಏನಾದರೂ ಮಾಡ್ತಾ ಇರುವವರು ಹೇಗೆ ಮಾಡ್ತೀರಿ ಅಂತ ನಿಜ ಹೇಳಿ. "ಬೆಳಿಗ್ಗೆ ನಾಲ್ಕಕ್ಕೆ ಏಳಿ" ಅಂತ ಮಾತ್ರ ದಯವಿಟ್ಟು ಹೇಳಬೇಡಿ. ನಾನು ಎದ್ದರೆ ಅವನೂ ಏಳ್ತಾನೆ.

ಸುರತ್ಕಲ್ ಅಮ್ಮ

ನೀಲಿ ಚಡ್ಡಿ ನಮ್ಮ ಮನೆಯಲ್ಲೂ ಉಂಟು ಮಾರಾಯ್ತಿ 😂

ನಾನು ಬರೆಯುವುದು ಮಕ್ಕಳ ಪದ್ಯ. ಮೊಬೈಲಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳ್ತೇನೆ, ಅದು ಟೈಪ್ ಆಗ್ತದೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ ಹೊಳೆದದ್ದನ್ನೆಲ್ಲ ನನಗೆ ನಾನೇ ವಾಟ್ಸಾಪ್ ಮಾಡಿಕೊಳ್ಳುವುದು. ನಮ್ಮ ಊರಿನ ಮಾತು ಅದಕ್ಕೆ ಅರ್ಧ ಅರ್ಥ ಆಗುವುದಿಲ್ಲ, ಮತ್ತೆ ಓದುವಾಗ ಯಾರೋ ಬರೆದ ಹೊಸ ಪದ್ಯದ ಹಾಗೆ ಇರ್ತದೆ. ಆದರೆ ಹೊಳೆದದ್ದು ಕಳೆದುಹೋಗುವುದಿಲ್ಲ.

ಕುಲಶೇಖರದ ಕತೆಗಾರ್ತಿ

@ಸುರತ್ಕಲ್ ಅಮ್ಮ, ಇದನ್ನು ನಾನೂ ಮಾಡ್ತೇನೆ ಅಕ್ಕ. ಮೊಬೈಲ್ ತುಂಬ ಚೂರುಗಳು. ಆ ಚೂರುಗಳನ್ನು ಜೋಡಿಸಿ ಕತೆ ಮಾಡ್ಲಿಕ್ಕೆ ಒಂದು ಸಲ ಪೂರ್ತಿ ಕೂರಬೇಕಲ್ಲ, ಅಲ್ಲಿ ಸಿಕ್ಕಿ ಬೀಳುವುದು.

ಚೌಕಿಮನೆ

ನಾನು ಬ್ರಹ್ಮಾವರದ ಹತ್ತಿರದವಳು. ನಮ್ಮದು ಯಕ್ಷಗಾನ, ಬಡಗುತಿಟ್ಟು ಶೈಲಿ, ಹವ್ಯಾಸಿ ಮಹಿಳಾ ತಂಡ. ನಿಮಗಾದರೆ ಕತೆ ಕಾಯ್ತದೆ, ನಮ್ಮ ಆಟ ಕಾಯುವುದಿಲ್ಲ. ಅಭ್ಯಾಸ ಇಡುವುದು ಸಂಜೆ ಆರರ ಮೇಲೆ, ಎಲ್ಲರೂ ಕೆಲಸ ಮುಗಿಸಿ ಬರಬೇಕಲ್ಲ. ಮಕ್ಕಳು ಹಟ ಹಿಡಿಯುವುದೂ ಅದೇ ಹೊತ್ತಿಗೆ.

ಮಗಳಿಗೆ ಆರು ತಿಂಗಳು ಇರುವಾಗ ಒಂದು ಆಟಕ್ಕೆ ಒಪ್ಪಿಕೊಂಡೆ. ಅಭಿಮನ್ಯು. ಮುಖಕ್ಕೆ ಬಣ್ಣ ಆಗಿ, ಎದೆಕಟ್ಟು, ವೀರಗಸೆ, ಭುಜಕೀರ್ತಿ ಅಂತ ಒಂದೊಂದೇ ಹಗ್ಗ ಬಿಗಿದು ಮುಗಿಯುವಾಗ ಒಂದೂವರೆ ಗಂಟೆ ದಾಟಿತ್ತು. ಅಷ್ಟರಲ್ಲಿ ಮಗು ಅಳ್ಲಿಕ್ಕೆ ಶುರು. ಕಟ್ಟಿದ ವೇಷ ಬಿಚ್ಚಿ ಹಾಲು ಕೊಡ್ಲಿಕ್ಕೆ ಆಗುವುದಿಲ್ಲ. ಬಾಟಲಿಯಲ್ಲಿ ಇಟ್ಟಿದ್ದೆ, ಅವಳು ಅದನ್ನು ಮುಟ್ಟಲಿಲ್ಲ. ಅಳು ಕೇಳಿದ ಕೂಡಲೇ ಇಲ್ಲಿ ಹಾಲು ಇಳಿಯಿತು, ಬಿಗಿದ ಎದೆಕಟ್ಟಿನ ಒಳಗೆ ಕಲ್ಲಿನಷ್ಟು ಗಟ್ಟಿ, ನೋವು. ಚಕ್ರವ್ಯೂಹಕ್ಕೆ ನುಗ್ಗುವ ಕುಣಿತ ಪೂರ್ತಿ ಹಲ್ಲು ಕಚ್ಚಿ ಮಾಡಿದ್ದು. ನೋಡಿದವರು "ಏನು ವೀರರಸ!" ಅಂದರು. ಎಂತ ವೀರರಸ, ನನಗೇ ಗೊತ್ತು.

ಆಮೇಲೆ ಎರಡು ವರ್ಷ ವೇಷ ಬಿಟ್ಟು ತಾಳಮದ್ದಳೆಗೆ ಬಂದೆ. ಅಲ್ಲಿ ಬಣ್ಣ ಇಲ್ಲ, ಕುಣಿತ ಇಲ್ಲ, ಕೂತು ಅರ್ಥ ಹೇಳುವುದು, ಅಂದರೆ ಪಾತ್ರದ ಮಾತು ಆಡುವುದು. ಮಗು ಹಸಿದರೆ ನನ್ನ ಪಾತ್ರ ಇಲ್ಲದ ಹೊತ್ತಲ್ಲಿ ಎದ್ದು ಹೋಗಬಹುದು. ಇನ್ನೊಂದು ದೊಡ್ಡ ಲಾಭ ಅಂದರೆ ಅದರ ತಯಾರಿ ತಲೆಯೊಳಗೇ ನಡೆಯುವಂಥದ್ದು. ಪದ್ಯ ಬಾಯಿಪಾಠ ಇದ್ದರೆ ಆಯ್ತು, ಯಾವ ಮಾತಿಗೆ ಯಾವ ಮಾತು ಅಂತ ಕತ್ತಲಲ್ಲೂ ಕಟ್ಟಬಹುದು. ಕುಂತಿ ಕರ್ಣನ ಹತ್ತಿರ ಬಂದು "ನೀನು ನನ್ನ ಮಗ" ಅನ್ನುವ ಭಾಗ ಉಂಟಲ್ಲ, ಕರ್ಣ ಅಲ್ಲಿ ಸಿಟ್ಟು ಮಾಡಿಕೊಳ್ಳುವುದಕ್ಕಿಂತ ಮೊದಲು ಒಂದು ಕ್ಷಣ ಸುಮ್ಮನೆ ಅವಳ ಕೈ ನೋಡಬೇಕು ಅಂತ ನನಗೆ ಹೊಳೆದದ್ದು ರಾತ್ರಿ ಮೂರು ಗಂಟೆಗೆ ಹಾಲು ಕುಡಿಸುವಾಗ. ನನ್ನ ಅರ್ಥಗಾರಿಕೆ ಸುಧಾರಿಸಿದ್ದೇ ಆ ಎರಡು ವರ್ಷದಲ್ಲಿ.

ಈಗ ಮಗಳಿಗೆ ನಾಲ್ಕು ತುಂಬಿತು. ಮತ್ತೆ ವೇಷ ಮಾಡ್ತಿದ್ದೇನೆ, ಅದೂ ಕಾಲಮಿತಿ ಆಟಗಳಿಗೆ ಮಾತ್ರ, ಇಡೀ ರಾತ್ರಿಯದ್ದಕ್ಕೆ ಅಲ್ಲ.

ನಿವೃತ್ತ ಮೇಷ್ಟ್ರು ಪುತ್ತೂರು

ಇದಕ್ಕೆ ಇಷ್ಟು ಚರ್ಚೆ ಬೇಕಾ? ಮಕ್ಕಳು ಸಣ್ಣವರಿರುವುದು ನಾಲ್ಕಾರು ವರ್ಷ. ಅಷ್ಟು ಕಾಲ ಕಾಯಿರಿ. ನಮ್ಮ ಸಾರಾ ಅಬೂಬಕ್ಕರ್ ಬರೆಯಲು ಆರಂಭಿಸಿದ್ದು ನಲವತ್ತು ದಾಟಿದ ಮೇಲೆ. ಎಂ.ಕೆ. ಇಂದಿರಾ ಕೂಡ ಹಾಗೆಯೇ. ಪ್ರತಿಭೆ ಇದ್ದರೆ ಎಲ್ಲಿಗೂ ಓಡಿಹೋಗುವುದಿಲ್ಲ. ಮಕ್ಕಳ ಬಾಲ್ಯ ತಿರುಗಿ ಬರುವುದಿಲ್ಲ.

ಬಾವುಟಗುಡ್ಡೆ ಓದುಗಿ

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳ್ತೇನೆ. ಈ ಉದಾಹರಣೆಯನ್ನು ಎಲ್ಲರೂ ಕೊಡ್ತಾರೆ, ನನಗೆ ಅದು ಉಲ್ಟಾ ಕಾಣ್ತದೆ. ಸಾರಾ ಹುಟ್ಟಿದ್ದು 1936ರಲ್ಲಿ ಕಾಸರಗೋಡಿನಲ್ಲಿ. ಬರಹ ಅಚ್ಚಾಗಲಿಕ್ಕೆ ಶುರುವಾದದ್ದು 1981ರ ಹೊತ್ತಿಗೆ, ಲಂಕೇಶರ ಪತ್ರಿಕೆಯಲ್ಲಿ. ನಾಲ್ಕು ಜನ ಗಂಡುಮಕ್ಕಳನ್ನು ಸಾಕಿದ ಮೇಲೆ. ಆಮೇಲೆ ಬರೆದದ್ದು ಎಷ್ಟು, 2023ರಲ್ಲಿ ಮಂಗಳೂರಲ್ಲೇ ತೀರಿಕೊಳ್ಳುವವರೆಗೆ ಎಷ್ಟು ವಿರೋಧಗಳನ್ನು ಎದುರಿಸಿದರು, ನಿಮಗೇ ಗೊತ್ತುಂಟು. ಅಂಥವರಿಗೆ ಇಪ್ಪತ್ತೈದಕ್ಕೆ ಒಂದು ಮೇಜು, ಒಂದು ಬಾಗಿಲು ಸಿಕ್ಕಿದ್ದರೆ? ಅವರು ಕಾದು ಗೆದ್ದರು ಅಂತ ನಾವು ಚಪ್ಪಾಳೆ ಹೊಡೀತೇವೆ. ಕಾದು ಕಾದು ಪೆನ್ನೇ ಹಿಡಿಯದೆ ಹೋದವರ ಪಟ್ಟಿ ಯಾರ ಹತ್ತಿರವೂ ಇಲ್ಲ.

ನಿವೃತ್ತ ಮೇಷ್ಟ್ರು ಪುತ್ತೂರು

ನಾನು ಹೇಳಿದ್ದು ತಾಳ್ಮೆ ಇರಲಿ ಎಂದಷ್ಟೆ. ಬರೆಯಬೇಡಿ ಎಂದಿಲ್ಲ.

ಚೌಕಿಮನೆ

ಹೋಯ್ ಮೇಷ್ಟ್ರೇ, ತಾಳ್ಮೆ ಇಲ್ಲದಿದ್ದರೆ ಮಕ್ಕಳಿಗೆ ಗಂಜಿ ತಿನ್ನಿಸ್ಲಿಕ್ಕೆ ಆಗ್ತದಾ 😀

ಲೀಲಾವತಿ ಬೈಪಾಡಿತ್ತಾಯರನ್ನೂ ನೆನಪು ಮಾಡಬೇಕು. ತೆಂಕುತಿಟ್ಟು ಯಕ್ಷಗಾನದಲ್ಲಿ ವೃತ್ತಿಪರವಾಗಿ ಭಾಗವತಿಕೆ, ಅಂದರೆ ಆಟದ ಹಾಡುಗಾರಿಕೆ, ಮಾಡಿದ ಮೊದಲ ಹೆಂಗಸು, 2024ರ ಡಿಸೆಂಬರಿನಲ್ಲಿ ಹೋದರು. ಭಾಗವತಿಕೆ ಕಲಿತದ್ದೇ ಮದುವೆಯಾದ ಮೇಲೆ, ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ. ಅವರೂ ಹಿಮ್ಮೇಳದವರು, ಚೆಂಡೆ ಮದ್ದಳೆ ಬಾರಿಸುವವರು. ರಾತ್ರಿ ಆಟಕ್ಕೆ ಹೋಗುವುದು ಅಂದರೆ ಎಂತ, ಯಾಕೆ ತಡ ಆಗ್ತದೆ ಅಂತ ಗಂಡನಿಗೆ ಬಿಡಿಸಿ ಹೇಳಬೇಕಾಗಿರಲಿಕ್ಕಿಲ್ಲ. ನನಗೆ ಅದೇ ಅರ್ಧ ದಾರಿ ಕಡಿಮೆ ಮಾಡಿದ ಹಾಗೆ ಕಾಣುವುದು. ನಮ್ಮ ಮನೆಯಲ್ಲಿ ಪ್ರತಿ ಸಲ "ಇನ್ನೂ ಎಷ್ಟು ಹೊತ್ತು?" ಅಂತ ಫೋನು.

ಮಣಿಪಾಲದ ಬಣ್ಣ

ಚೌಕಿಮನೆಯವರು ವೇಷದಿಂದ ತಾಳಮದ್ದಳೆಗೆ ಬಂದದ್ದು ನನಗೆ ತುಂಬ ಹಿಡಿಸಿತು. ಚಿತ್ರದಲ್ಲಿ ನಾನೂ ಅದನ್ನೇ ಮಾಡಿದ್ದು.

ನನ್ನದು ಜಲವರ್ಣ. ಕಾಗದ ಒದ್ದೆ ಇರುವಾಗಲೇ ಬಣ್ಣ ಬಿಡಬೇಕು, ಮಧ್ಯದಲ್ಲಿ ಎದ್ದು ಹೋದರೆ ಅಂಚು ಕಟ್ಟಿ ಕಲೆ ಕೂರ್ತದೆ, ಮತ್ತೆ ಅದನ್ನು ತೆಗೆಯಲಿಕ್ಕಾಗುವುದಿಲ್ಲ. ಆಕ್ರಿಲಿಕ್ ಆದರೆ ತಟ್ಟೆಯಲ್ಲೇ ಒಣಗಿ ಪ್ಲಾಸ್ಟಿಕ್ ಆಗ್ತದೆ. ತೈಲವರ್ಣ ದಿನಗಟ್ಟಲೆ ಕಾಯ್ತದೆ, ಆದರೆ ಟರ್ಪೆಂಟೈನ್ ವಾಸನೆ ಮಗು ಮಲಗುವ ಮನೆಯಲ್ಲಿ ಬೇಡ. ಕಾವಿ ಕಲೆ ಮಾಡಬೇಕು ಅಂತ ಮೊದಲಿಂದ ಆಸೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಆರುವ ಮೊದಲು ಕೊರೆದು ಕೆಳಗಿನ ಬಿಳಿ ಕಾಣುವ ಹಾಗೆ ಮಾಡಬೇಕು. ಆ ಗೋಡೆ ಮಗುವಿನ ನಿದ್ದೆ ಕೇಳುವುದಿಲ್ಲ. ಹಾಗಾಗಿ ಅದು ಸದ್ಯ ಪಕ್ಕಕ್ಕೆ.

ಕಡೆಗೆ ಉಳಿದದ್ದು ಕರಿ ಶಾಯಿ, ಪೆನ್ನು, ಅಂಗೈ ಅಗಲದ ಕಾಗದ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಗೆರೆ ಅಲ್ಲೇ ಇರ್ತದೆ. ಮಗ ಮಲ್ಪೆಯಲ್ಲಿ ಮರಳಾಟ ಆಡುವಾಗ ದೋಣಿಗಳನ್ನು ಹಾಕ್ತೇನೆ. ದೊಡ್ಡ ಚಿತ್ರದ ಆಸೆ ಬಿಟ್ಟಿಲ್ಲ, ಆದರೆ ಈಗಿನ ಗೆರೆ ಮೊದಲಿನದಕ್ಕಿಂತ ಚುರುಕಾಗಿದೆ ಅಂತ ನನಗೇ ಕಾಣ್ತದೆ.

ಕತೆಗಾರ್ತಿಯವರೇ, ನಿಮ್ಮ ಕೆಲಸದಲ್ಲೂ ತುಂಡಾಗಿ ಮಾಡಬಹುದಾದ್ದು, ತುಂಡು ಮಾಡ್ಲಿಕ್ಕೆ ಆಗದ್ದು ಅಂತ ಎರಡು ಇರಬೇಕಲ್ಲ? ತಿದ್ದುವುದು, ಪ್ರತಿ ಮಾಡುವುದು, ಮಾತುಕತೆ ಬರೆಯುವುದು ಚೂರು ಹೊತ್ತಿನಲ್ಲಿ ಆಗ್ತದಾ? ಹಾಗಾದರೆ ಒಟ್ಟಿಗೆ ಸಿಗುವ ಆ ಒಂದು ಗಂಟೆಯನ್ನು ಕೂತು ಜೋಡಿಸ್ಲಿಕ್ಕೆ ಮಾತ್ರ ಇಟ್ಟುಕೊಳ್ಳಬಹುದು.

ಕುಲಶೇಖರದ ಕತೆಗಾರ್ತಿ

ಇದನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಹೌದು, ಮಾತುಕತೆ ಬರೆಯುವುದು ತುಂಡಾಗಿ ಆಗ್ತದೆ, ಬಸ್ ಸ್ಟ್ಯಾಂಡಿನ ಆ ಹೆಂಗಸಿನ ಮಾತೆಲ್ಲ ನನ್ನ ಮೊಬೈಲಿನಲ್ಲಿ ಉಂಟು. ಅವಳು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುವುದು ಮಾತ್ರ ತುಂಡಾಗಿ ಆಗುವುದಿಲ್ಲ.

ಎರಡು ಮಕ್ಕಳ ಅಪ್ಪ

ಗಂಡಸರ ಕಡೆಯಿಂದ ಒಂದು ಮಾತು. ನನ್ನ ಹೆಂಡತಿ ಸಂಗೀತದವಳು. "ನಾನು ನೋಡ್ಕೊಳ್ತೇನೆ" ಅಂತ ನಾನೂ ಹೇಳ್ತಿದ್ದೆ. ಅವಳು ಒಳಗಿನ ಕೋಣೆಯಲ್ಲಿ ಶ್ರುತಿ ಹಾಕಿ ಕೂತರೆ ಮಕ್ಕಳು ಬಾಗಿಲು ಬಡೀತಾರೆ. ಅಮ್ಮ ಮನೆಯಲ್ಲಿದ್ದಾಳೆ ಅಂತ ಗೊತ್ತಿದ್ದರೆ ಅಪ್ಪ ಯಾರಿಗೂ ಬೇಡ. ಹಾಗಾಗಿ ಈಗ ಶನಿವಾರ ಮಧ್ಯಾಹ್ನ ಅವಳೇ ಮನೆ ಬಿಟ್ಟು ಹೋಗುವುದು, ಗೆಳತಿಯ ಮನೆಯಲ್ಲಿ ಅಭ್ಯಾಸ. ಆ ಹೊತ್ತಲ್ಲಿ ಫೋನ್ ಮಾಡುವ ಹಾಗಿಲ್ಲ ಅಂತ ಷರತ್ತು. ಚಡ್ಡಿ ಎಲ್ಲುಂಟು ಅಂತ ಹುಡುಕಿದರೆ ಸಿಗ್ತದೆ, ಸಿಗದಿದ್ದರೆ ಬೇರೆ ಚಡ್ಡಿ.

ಬರೆಯುವವರಾದರೆ ಬಾವುಟಗುಡ್ಡೆಯ ಕೇಂದ್ರ ಗ್ರಂಥಾಲಯ ಉಂಟಲ್ಲ, ಅಲ್ಲಿ ಹೋಗಿ ಕೂರಬಹುದು.

ಬಂಟ್ವಾಳದ ಬೀಡಿಮನೆ

ಎಲ್ಲ ಓದಿದೆ. ಸ್ವಲ್ಪ ಬೇರೆ ಮಾತು, ಬೇಜಾರು ಮಾಡಬೇಡಿ.

ನಮ್ಮಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದ್ದು. ಮಡಿಲಲ್ಲಿ ತಡ್ಪೆ (ಮೊರ), ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ಕಾಲಿನ ಮೇಲೆ ತಮ್ಮ. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ, ಸಂಜೆಯ ಒಳಗೆ ಬೀಡಿ ಕಂಪೆನಿಯ ಬ್ರಾಂಚಿಗೆ ಮುಟ್ಟಿಸಬೇಕು. ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಪಾಡ್ದನ (ತುಳುವಿನ ಕತೆ ಹಾಡು) ಹೇಳ್ತಿದ್ದರು, ಪಾಡ್ದನ ಮುಗಿದರೆ ಅವರದ್ದೇ ಕತೆ. ನಮ್ಮಜ್ಜಿ ನೇಜಿ (ಭತ್ತದ ಸಸಿ) ನೆಡುವಾಗ ಗದ್ದೆಯಲ್ಲಿ ಹಾಡು ಕಟ್ಟುತ್ತಿದ್ದರಂತೆ. ಅವರನ್ನು ಯಾರೂ ಕಲಾವಿದೆ ಅನ್ನಲಿಲ್ಲ, ಹೇಗೆ ಸುಧಾರಿಸ್ತೀರಿ ಅಂತ ಕೇಳಲೂ ಇಲ್ಲ.

ಅವರ ಕತೆ ಹಾಡು ಮಕ್ಕಳಿದ್ದಲ್ಲೇ ಬೆಳೆಯಿತು, ಯಾಕೆಂದರೆ ಅದಕ್ಕೆ ಕಣ್ಣೂ ಬೇಡ, ಕೈಯೂ ಬೇಡ. ಬರವಣಿಗೆಗೆ ಎರಡೂ ಬೇಕು. ಹಾಗಾಗಿ ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ. ನಮ್ಮಮ್ಮನ ಕತೆಗಳಲ್ಲಿ ಒಂದೂ ಕಾಗದಕ್ಕೆ ಬರಲಿಲ್ಲ ಅನ್ನುವುದೂ ಅಷ್ಟೇ ನಿಜ. ಅವರಿಗೆ ಬರೆಯಲಿಕ್ಕೆ ಗೊತ್ತಿತ್ತು, ಏಳನೇ ತರಗತಿ ಓದಿದ್ದರು.

ಸುರತ್ಕಲ್ ಅಮ್ಮ

ಅಮ್ಮ ಇದ್ದಾರಾ ಈಗ? ಇದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಾರಾಯ್ರೆ, ಇವತ್ತೇ.

ಬಂಟ್ವಾಳದ ಬೀಡಿಮನೆ

ಇದ್ದಾರೆ. ಕೇಳಿದರೆ "ಅದೆಲ್ಲ ಎಂತ ಕತೆ, ಸುಮ್ಮನಿರು" ಅಂತಾರೆ. ನೋಡ್ತೇನೆ.

ಆಸ್ಪತ್ರೆ ಡ್ಯೂಟಿ

ನಾನು ನರ್ಸ್. ಎರಡು ವಿಷಯ ಬೇಗ ಹೇಳಿ ಹೋಗ್ತೇನೆ, ನೈಟ್ ಉಂಟು.

ಬರೀಲಿಕ್ಕೆ ಆಗುವುದಿಲ್ಲ ಅಂತ ಸಿಟ್ಟು ಬರುವುದು ಬೇರೆ. ಬರೆಯುವುದೇ ಬೇಡ, ಮಗುವೂ ಬೇಡ, ಯಾವುದರಲ್ಲೂ ರುಚಿ ಇಲ್ಲ, ಮಗು ಮಲಗಿದರೂ ನಿದ್ದೆ ಬರುವುದಿಲ್ಲ ಅಂತ ವಾರಗಟ್ಟಲೆ ಆದರೆ ಅದು ಸೋಮಾರಿತನ ಅಲ್ಲ, ಬಾಣಂತಿ ಖಿನ್ನತೆ ಇರಬಹುದು. ವೈದ್ಯರಿಗೆ ಹೇಳಿ. ಹೇಳ್ಲಿಕ್ಕೆ ಮುಜುಗರ ಆದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ದುಡ್ಡು ಇಲ್ಲ, ಹಗಲು ರಾತ್ರಿ ಇರ್ತದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಬಾನು ಮುಷ್ತಾಕ್ ಕೂಡ ಇಪ್ಪತ್ತೊಂಬತ್ತರಲ್ಲಿ, ಹೆರಿಗೆಯ ನಂತರದ ಖಿನ್ನತೆಯ ದಿನಗಳಲ್ಲಿ ಬರವಣಿಗೆಗೆ ತಿರುಗಿದವರು. ಹಾಗಂತ ಬರೆದರೆ ವಾಸಿ ಆಗ್ತದೆ ಅಂತ ಯಾರೂ ತಿಳಿಯಬೇಡಿ, ಚಿಕಿತ್ಸೆ ಚಿಕಿತ್ಸೆಯೇ.

ಇನ್ನೊಂದು ಚೌಕಿಮನೆಯವರಿಗೆ. ಹಳೆ ಕ್ರಮದ ಬಣ್ಣಗಳಲ್ಲಿ ಇಂಗಳೀಕ ಅಂದರೆ ಪಾದರಸದ್ದು, ಅರದಾಳ ಅಂದರೆ ಆರ್ಸೆನಿಕ್‌ನದ್ದು. ನಿಮ್ಮ ತಂಡದಲ್ಲಿ ಯಾವ ಬಣ್ಣ ಅಂತ ಕೇಳಿಕೊಳ್ಳಿ, ಮುಖ ಕೈ ಪೂರ್ತಿ ತೊಳೆಯದೆ ಮಗುವನ್ನು ಎತ್ತಬೇಡಿ.

ಚೌಕಿಮನೆ

ಕೇಳಿದೆ, ನಮ್ಮಲ್ಲಿ ಈಗ ಆ ಎರಡನ್ನೂ ಬಳಸುವುದಿಲ್ಲ. ಆದರೂ ಒಳ್ಳೆ ಮಾತು ಹೇಳಿದ್ರಿ.

ಕಾಪು ಅಜ್ಜಿ

ನಾನು ಇಂಥ ಕಡೆ ಬರೆಯುವವಳಲ್ಲ. ಸೊಸೆ ತೋರಿಸಿದಳು, ಓದಿದೆ, ಬರೀಬೇಕು ಅನ್ನಿಸಿತು.

ನೀವು ಎಲ್ಲರೂ ಒಂದಲ್ಲ ಒಂದು ಕಡೆ "ಅಮ್ಮ ನೋಡ್ಕೊಳ್ತಾರೆ, ಅತ್ತೆ ಇದ್ದಾರೆ" ಅಂತ ಮನಸ್ಸಲ್ಲಿ ಇಟ್ಟುಕೊಂಡೇ ಮಾತಾಡುವುದು. ಬರೆಯದಿದ್ದರೂ ನನಗೆ ಕಾಣ್ತದೆ. ಮಗ ಸೊಸೆ ಇಬ್ಬರೂ ಮಣಿಪಾಲಕ್ಕೆ ಕೆಲಸಕ್ಕೆ ಹೋಗ್ತಾರೆ, ಎಂಟು ಗಂಟೆಗೆ ಹೋದರೆ ಬರುವುದು ಏಳಕ್ಕೆ. ಎರಡು ಮೊಮ್ಮಕ್ಕಳು ನನ್ನ ಕೈಯಲ್ಲಿ. ಪ್ರೀತಿ ಇಲ್ಲದೆ ಅಲ್ಲ. ನನಗೆ ಅರುವತ್ತಮೂರು. ಮಂಡಿ ನೋವು. ಸಣ್ಣವ ಓಡಿದರೆ ಹಿಡಿಯುವಾಗ ಜೀವ ಬಾಯಿಗೆ ಬರ್ತದೆ.

ನಮ್ಮ ಮನೆಯಲ್ಲಿ ಶಂಕರಪುರ ಮಲ್ಲಿಗೆ ಉಂಟು. ನನ್ನ ಮಕ್ಕಳು ಸಣ್ಣವರಿರುವಾಗ ಬೆಳಿಗ್ಗೆ ಕೊಯ್ದು ಕಟ್ಟಿ ಕೊಡುವುದು ನಾನೇ. ಒಂದು ಚೆಂಡಿಗೆ ಎಂಟುನೂರು ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಮಾರುವ ಕಟ್ಟೆಗೆ ಹೋಗುವ ಹೊತ್ತು ಮೀರಿದರೆ ಆ ದಿನದ ಹೂ ದಂಡ. ಆಗ ಹಾಡು ಬರೆಯುವ ಆಸೆ ಇತ್ತು. ದೇವರ ನಾಮ, ನನ್ನದೇ ಕಟ್ಟಿದ್ದು. ಮಕ್ಕಳು ದೊಡ್ಡವರಾಗಲಿ ಅಂದುಕೊಂಡೆ, ಆ ಪುತ್ತೂರಿನ ಮೇಷ್ಟ್ರು ಹೇಳಿದ ಹಾಗೆ. ದೊಡ್ಡವರಾದರು. ಮದುವೆ ಆಯ್ತು. ಅವರ ಮಕ್ಕಳು ಬಂದರು. ಈಗ ನಾನು ಯಾರು ದೊಡ್ಡವರಾಗುವುದನ್ನು ಕಾಯಬೇಕು?

ನಿಮ್ಮ ಮೇಲೆ ಕೋಪ ಅಲ್ಲ ಮಕ್ಕಳೇ. ನೀವು ಬರೀರಿ, ಕುಣೀರಿ. ಅಜ್ಜಿಗೆ ಮಗು ಕೊಟ್ಟು ಹೋಗುವ ಮೊದಲು, ಅವಳಿಗೆ ಆ ಹೊತ್ತಲ್ಲಿ ಬೇರೆ ಏನಾದರೂ ಇತ್ತಾ ಅಂತ ಒಂದು ಬಾರಿ ಕೇಳಿ. ಬುಧವಾರ ಸಂಜೆ ನಮ್ಮಲ್ಲಿ ಭಜನೆ. ನಾನು ಹೋಗದೆ ಎಷ್ಟೋ ತಿಂಗಳಾಯ್ತು.

ಬಾವುಟಗುಡ್ಡೆ ಓದುಗಿ

ಅಮ್ಮಾ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸೊಸೆ ತೋರಿಸಿದ್ದು ಒಳ್ಳೆಯದಾಯ್ತು. ಅವರು ನಿಮ್ಮ ಬರಹ ಓದಿದರಾ?

ಕಾಪು ಅಜ್ಜಿ

ಟೈಪ್ ಮಾಡುತ್ತಿರುವುದೇ ಅವಳು. ನಾನು ಹೇಳ್ತಿದ್ದೇನೆ. ಈಗ ಅವಳ ಮುಖ ನೋಡಬೇಕಿತ್ತು ನೀವು.

ಮಣಿಪಾಲದ ಬಣ್ಣ

😂😂 ಅಜ್ಜಿಗೆ ಜೈ.

ಬಾವುಟಗುಡ್ಡೆ ಓದುಗಿ

ತಮಾಷೆ ಪಕ್ಕಕ್ಕಿಡಿ. ಅಜ್ಜಿ ಹೇಳಿದ್ದರಿಂದ ಒಂದು ದೊಡ್ಡ ಪ್ರಶ್ನೆ ಬರ್ತದೆ. 2017ರ ತಿದ್ದುಪಡಿಯಿಂದ ಇಪ್ಪತ್ತಾರು ವಾರ ಹೆರಿಗೆ ರಜೆ ಬಂತು, ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಲೂ ಆಯ್ತು. ಅದೆಲ್ಲ ಸಂಬಳದ ಕೆಲಸದವರಿಗೆ. ಕೂಲಿಗೆ ಹೋಗುವ ತಾಯಂದಿರಿಗೆ ಅಂತ ರಾಜ್ಯ ಸರಕಾರ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ತಂದಿತು, ಒಳ್ಳೆಯದೇ. ಕತೆ ಬರೆಯುವವಳು, ಬೀಡಿ ಕಟ್ಟುವವಳು ಇಬ್ಬರೂ ಮನೆಯಲ್ಲೇ ಇರುವವರು. ಮನೆಯಲ್ಲಿದ್ದಾಳಲ್ಲ, ಅವಳಿಗೆಂಥ ಕೇಂದ್ರ ಅಂತ ಲೆಕ್ಕ. ಆ ಲೆಕ್ಕದ ಬಾಕಿ ಬೀಳುವುದು ಅಜ್ಜಿಯ ಮಂಡಿಗೆ.

ಇಲ್ಲಿ ನಮ್ಮಲ್ಲಿ ಲೇಖಕಿಯರ ವಾಚಕಿಯರ ಸಂಘ ಉಂಟು, ಗೋಷ್ಠಿಗಳು ಆಗ್ತವೆ. ನನಗೆ ತುಂಬ ದಿನದಿಂದ ಅನ್ನಿಸುವುದು, ಯಾವ ಸಾಹಿತ್ಯ ಕಾರ್ಯಕ್ರಮವೇ ಆಗಲಿ, ಪಕ್ಕದ ಕೋಣೆಯಲ್ಲಿ ಒಂದು ಚಾಪೆ, ನಾಲ್ಕು ಆಟದ ಸಾಮಾನು, ನೋಡಿಕೊಳ್ಳಲು ಒಬ್ಬರನ್ನು ಇಟ್ಟರೆ ಬರುವವರ ಸಂಖ್ಯೆಯೇ ಬದಲಾಗ್ತದೆ. ಹಾರ ತುರಾಯಿಯ ಖರ್ಚಿನಲ್ಲಿ ಆಗ್ತದೆ ಅದು.

ನಿವೃತ್ತ ಮೇಷ್ಟ್ರು ಪುತ್ತೂರು

ಹಾರ ತುರಾಯಿಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಕಾಪುವಿನ ತಾಯಿಯವರಿಗೆ ನಮಸ್ಕಾರ. ನಿಮ್ಮ ಕೀರ್ತನೆಗಳನ್ನು ಓದುವ ಆಸೆಯಿದೆ.

ಕುಲಶೇಖರದ ಕತೆಗಾರ್ತಿ

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿಯ ಮಾತು ಓದಿದ ಮೇಲೆ ಅತ್ತೆಯ ಹತ್ತಿರ ಹೋಗಿ ಕೇಳಿದೆ, ನಿಮಗೆ ಎಲ್ಲಿಗಾದರೂ ಹೋಗ್ಲಿಕ್ಕೆ ಇತ್ತಾ ಅಂತ. "ನನಗೆಂತ, ಏನೂ ಇಲ್ಲ" ಅಂದರು. ರಾತ್ರಿ ಊಟ ಬಡಿಸುವಾಗ ಯಾರ ಮುಖವನ್ನೂ ನೋಡದೆ, "ಕುಣಿತ ಭಜನೆಗೆ ಹೆಂಗಸರನ್ನೂ ಸೇರಿಸಿಕೊಳ್ತಾರಂತೆ, ಮಂಗಳವಾರ" ಅಂದರು. ಹಾಗಾಗಿ ಮಂಗಳವಾರ ಅವರದ್ದು.

ನನ್ನದು ಉಳಿಯಿತು. ಶನಿವಾರ ಬೆಳಿಗ್ಗೆ ಇವರಿಗೆ ಕೆಲಸ ಇರ್ತದೆ. ಕುಲಶೇಖರ, ಪಡೀಲು, ಬಿಕರ್ನಕಟ್ಟೆ ಕಡೆಯ ಅಮ್ಮಂದಿರು ಯಾರಾದರೂ ಇದ್ದೀರಾ? ಒಂದು ಶನಿವಾರ ನಿಮ್ಮ ಮಕ್ಕಳನ್ನು ನಾನು ನೋಡ್ತೇನೆ, ಇನ್ನೊಂದು ಶನಿವಾರ ನನ್ನ ಮಕ್ಕಳನ್ನು ನೀವು. ದುಡ್ಡಿನ ಲೆಕ್ಕ ಬೇಡ. ಒಂದೆರಡು ಸಲ ಕದ್ರಿ ಪಾರ್ಕಿನಲ್ಲಿ ಒಟ್ಟಿಗೆ ಸಿಕ್ಕಿ ಮಕ್ಕಳಿಗೆ ಗುರುತಾಗಲಿ, ಮತ್ತೆ ಶುರು ಮಾಡುವ.

ಎರಡು ಮಕ್ಕಳ ಅಪ್ಪ

ಒಂದು ಸಲಹೆ: ಮನೆಯಲ್ಲಿ ಯಾರು ಯಾರು ಇರ್ತಾರೆ, ಬಾವಿ ಕಟ್ಟೆ ಮುಚ್ಚಿದೆಯಾ, ನಾಯಿ ಉಂಟಾ, ಇದೆಲ್ಲ ಮೊದಲೇ ಕೇಳಿಕೊಳ್ಳಿ. ನಾಚಿಕೆ ಬೇಡ.

ಬಿಕರ್ನಕಟ್ಟೆ ಭರತನಾಟ್ಯ

ನಾನಿದ್ದೇನೆ! ಮಗಳಿಗೆ ಎರಡೂವರೆ. ಶನಿವಾರ ನನಗೂ ಆಗ್ತದೆ, ಅರಂಗೇಟ್ರಂ (ರಂಗಪ್ರವೇಶ) ಆಗಿ ನಾಟ್ಯ ಬಿಟ್ಟವಳು, ಮತ್ತೆ ಅಡವುಗಳಿಂದ, ಅಂದರೆ ಮೊದಲ ಹೆಜ್ಜೆಗಳಿಂದ ಶುರು ಮಾಡಬೇಕು. ಬಾವಿಗೆ ಕಬ್ಬಿಣದ ಜಾಲಿ ಉಂಟು, ನಾಯಿ ಇಲ್ಲ, ಬೆಕ್ಕು ಉಂಟು. ನಿಮ್ಮ ಮಗನಿಗೆ ಬೆಕ್ಕು ಆಗ್ತದಾ? ತಿನ್ನುವುದರಲ್ಲಿ ಯಾವುದಾದರೂ ಆಗದ್ದು ಉಂಟಾ? ನನ್ನ ಮಗಳಿಗೆ ಗೇರುಬೀಜ ಆಗುವುದಿಲ್ಲ, ಅದೊಂದು ನೆನಪಿಟ್ಟುಕೊಳ್ಳಿ.

ಕುಲಶೇಖರದ ಕತೆಗಾರ್ತಿ

ಬೆಕ್ಕು ಆಗ್ತದೆ, ಬೆಕ್ಕಿಗೆ ಅವನು ಆಗ್ತಾನಾ ಅಂತ ಗೊತ್ತಿಲ್ಲ. ಮೆಸೇಜ್ ಮಾಡಿದ್ದೇನೆ ನೋಡಿ.